ಭೂಮಿಯ ಲೆಕ್ಕದ ಪುಸ್ತಕ ಮತ್ತು ನಮ್ಮ ಎಂಟು ಕೊಡ ನೀರು

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನ ಪರಿಸರದ ಬಗ್ಗೆ ಮಾತಾಡಬೇಕು ಅಂತ ಒಕ್ಕೂಟದವರು ಕೇಳಿಕೊಂಡಿದ್ದಾರೆ. ಪರಿಸರ ಅಂದ ಕೂಡಲೇ ಗಿಡ ನೆಡಿ, ಪ್ಲಾಸ್ಟಿಕ್ ಬಿಡಿ, ನೀರು ಉಳಿಸಿ ಅಂತ ಸಿಸ್ಟರ್ ಶುರು ಮಾಡ್ತಾರೆ ಅಂದುಕೊಂಡು ಕೆಲವರು ಆಗಲೇ ಗೋಡೆಗೆ ಒರಗಿ ಕೂತಿದ್ದೀರಿ. ತಪ್ಪು ನಿಮ್ಮದಲ್ಲ. ಎಷ್ಟೋ ವರ್ಷ ನಾವೂ ಅದನ್ನೇ ಹೇಳಿಕೊಂಡು ಬಂದೆವು. ಅದನ್ನು ನಿಲ್ಲಿಸುವ ಹಾಗೆ ಮಾಡಿದ್ದು ನಿಮ್ಮಂಥ ಒಬ್ಬ ಸದಸ್ಯೆಯೇ. ಅಲ್ಲಿಂದಲೇ ಶುರು ಮಾಡ್ತೀವಿ.

ಕೆಲವು ವರ್ಷಗಳ ಹಿಂದೆ ಮಾಗಡಿ ರಸ್ತೆಯ ಪಕ್ಕದ ಒಂದು ಬಡಾವಣೆಯಲ್ಲಿ ನೀರಿನ ಮಿತಬಳಕೆ ಬಗ್ಗೆ ತರಬೇತಿ ಇಟ್ಟಿದ್ದೆವು. ಚಾರ್ಟ್ ಬರೆದುಕೊಂಡು ಹೋಗಿದ್ದೆವು. ಷವರ್ ಬೇಡ, ಬಕೆಟ್ ಬಳಸಿ. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ. ಎಲ್ಲರೂ ತಲೆ ಆಡಿಸಿದರು. ಕೊನೆಗೆ ಹಿಂದೆ ಕೂತಿದ್ದ ಒಬ್ಬರು ಎದ್ದು, "ಸಿಸ್ಟರ್, ನಮಗೆ ಬರೋದು ದಿನಕ್ಕೆ ಎಂಟು ಕೊಡ. ಐದು ಜನ ಇದೀವಿ. ಇದರಲ್ಲಿ ಎಷ್ಟು ಉಳಿಸಲಿ, ನೀವೇ ಹೇಳಿ" ಅಂದರು. ಕೋಪದಿಂದ ಕೇಳಿದ್ದಲ್ಲ, ನಿಜವಾಗಿಯೂ ಲೆಕ್ಕ ತಿಳಿಯಲಿ ಅಂತ ಕೇಳಿದ್ದು. ಒಂದು ಕೊಡಕ್ಕೆ 15 ಲೀಟರ್ ಅಂದರೆ ಎಂಟು ಕೊಡಕ್ಕೆ 120 ಲೀಟರ್. ಐದು ಜನಕ್ಕೆ ಹಂಚಿದರೆ ತಲೆಗೆ 24 ಲೀಟರ್. ಒಳಚರಂಡಿ ಇರುವ ಊರಿನಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಸಿಗಬೇಕು ಅನ್ನುವುದು ಸರ್ಕಾರವೇ ಇಟ್ಟುಕೊಂಡಿರುವ ಅಳತೆ. 24 ಲೀಟರ್ ಸಿಗುವವರ ಮುಂದೆ ನಿಂತು ನಾವು ಷವರ್ ಬಿಡಿ ಅಂತ ಹೇಳುತ್ತಿದ್ದೆವು! ವಾಪಸ್ ಕಾನ್ವೆಂಟಿಗೆ ಬಂದರೆ ಅಲ್ಲಿ ಸಂಪು, ಬೋರ್‌ವೆಲ್, ವಾಷಿಂಗ್ ಮೆಷಿನ್ ಎಲ್ಲ ಇದೆ. ಆ ರಾತ್ರಿ ನಮಗೆ ಚಾರ್ಟ್ ನೋಡಿದರೆ ನಾಚಿಕೆ ಆಯಿತು.

ಆಮೇಲೆ ನಾವು ಒಂದು ಪ್ರಶ್ನೆ ಹಿಡಿದು ಹೊರಟೆವು. ಯಾರು ಎಷ್ಟು ಬಳಸುತ್ತಾರೆ, ಅದರ ನಷ್ಟವನ್ನು ಯಾರು ಕಟ್ಟಿಕೊಡುತ್ತಾರೆ ಅಂತ ಯಾರಾದರೂ ಲೆಕ್ಕ ಇಟ್ಟಿದ್ದಾರಾ? ಇಟ್ಟಿದ್ದಾರೆ. ಅದನ್ನೇ ಕೆಲಸ ಮಾಡಿಕೊಂಡಿರುವ ಸಂಶೋಧಕರಿದ್ದಾರೆ. ಕೆಲವರು ದೂರದ ದೇಶದವರು, ಕೆಲವರು ಇಲ್ಲೇ ನಮ್ಮ ಪಕ್ಕದವರು.

ನಾಗರಭಾವಿ ಗೊತ್ತಲ್ಲ, ವಿಜಯನಗರ ದಾಟಿ ಜ್ಞಾನಭಾರತಿ ಕಡೆ ಹೋಗುವಾಗ. ಅಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ ಇದೆ, ಚಿಕ್ಕದಾಗಿ ಐಸೆಕ್ ಅನ್ನುತ್ತಾರೆ. 1972ರಲ್ಲಿ ವಿ.ಕೆ.ಆರ್.ವಿ. ರಾವ್ ಅವರು ಕಟ್ಟಿದ್ದು. ನಮ್ಮ ದೇಶದ ಒಟ್ಟು ಆದಾಯ ಎಷ್ಟು ಅಂತ 1930ರ ದಶಕದಲ್ಲೇ ಕೂತು ಲೆಕ್ಕ ಹಾಕಿದ ಮೊದಲಿಗರಲ್ಲಿ ಅವರೂ ಒಬ್ಬರು. ಆದರೆ ದೇಶದ ಆದಾಯದ ಲೆಕ್ಕದಲ್ಲಿ ಒಂದು ಕೊರತೆ ಇದೆ. ಮಾರಿದ್ದು, ಕೊಂಡಿದ್ದು ಬರುತ್ತದೆ. ನೀವು ಮನೆಯಲ್ಲಿ ಮಾಡುವ ಅಡುಗೆ, ಹೊತ್ತು ತರುವ ನೀರು ಬರುವುದಿಲ್ಲ. ಕೆರೆ ಕೊಡುವ ಹುಲ್ಲು, ಕಾಡು ಕೊಡುವ ಸೌದೆಯೂ ಹೆಚ್ಚಿನಂಶ ಬರುವುದಿಲ್ಲ. ಕೆರೆ ಮುಚ್ಚಿ ಸೈಟು ಮಾರಿದರೆ ಮಾತ್ರ ದೇಶದ ಆದಾಯ ಹೆಚ್ಚಿತು ಅಂತ ಬರೆಯುತ್ತಾರೆ! ಈ ಬಿಟ್ಟುಹೋದ ಲೆಕ್ಕವನ್ನು ಬರೆಯುವ ಶಾಸ್ತ್ರಕ್ಕೇ ಪರಿಸರ ಅರ್ಥಶಾಸ್ತ್ರ ಅನ್ನುತ್ತಾರೆ. ಐಸೆಕ್‌ನಲ್ಲಿ ಅದಕ್ಕೆಂದೇ ಒಂದು ವಿಭಾಗ ಇದೆ. ಅಲ್ಲಿದ್ದ ಎಂ.ವಿ. ನಾಡಕರ್ಣಿಯವರು ಸಂಗಡಿಗರ ಜೊತೆ ಪಶ್ಚಿಮ ಘಟ್ಟದ ಕಾಡನ್ನು ಯಾರು ಬಳಸುತ್ತಾರೆ, ಲಾಭ ಯಾರಿಗೆ ಹೋಗುತ್ತದೆ ಅಂತ 1989ರಲ್ಲಿ ಪುಸ್ತಕ ತಂದರು. ಮುಂದೆ ಆ ಸಂಸ್ಥೆಯ ನಿರ್ದೇಶಕರಾದ ಗೋಪಾಲ ಕಡೇಕೋಡಿಯವರ ಹೆಸರನ್ನು ನೆನಪಿಟ್ಟುಕೊಳ್ಳಿ, ಇನ್ನೊಮ್ಮೆ ಬರುತ್ತದೆ.

ಮೊದಲು ದೂರದವರ ಲೆಕ್ಕ ನೋಡೋಣ. ಕೆನಡಾ ದೇಶದ ವ್ಯಾಂಕೂವರ್ ಊರಿನಲ್ಲಿ ವಿಲಿಯಂ ರೀಸ್ ಅಂತ ಒಬ್ಬ ಮೇಷ್ಟ್ರು. ಅವರ ಶಿಷ್ಯ ಸ್ವಿಟ್ಜರ್ಲೆಂಡಿನ ಮಥಿಸ್ ವಾಕರ್ನಾಗೆಲ್. ಒಂದು ಜಮೀನು ಎಷ್ಟು ಜನರನ್ನು ಸಾಕಬಲ್ಲದು ಅಂತ ಎಲ್ಲರೂ ಕೇಳುತ್ತಿದ್ದರು. ಇವರು ಪ್ರಶ್ನೆಯನ್ನು ತಿರುಗಿಸಿದರು. ಒಂದು ಊರನ್ನು ಸಾಕುವುದಕ್ಕೆ ಒಟ್ಟು ಎಷ್ಟು ಜಮೀನು ಬೇಕು, ಅದು ಎಲ್ಲೇ ಇರಲಿ? ಅನ್ನ ಬೆಳೆಯುವ ಹೊಲ, ದನ ಮೇಯುವ ಹುಲ್ಲುಗಾವಲು, ಮರಮುಟ್ಟಿನ ಕಾಡು, ಮೀನಿನ ಕಡಲು, ಮನೆ ರಸ್ತೆ ಕಟ್ಟಿದ ಜಾಗ, ಜೊತೆಗೆ ನಮ್ಮ ವಾಹನ, ಕಾರ್ಖಾನೆಗಳ ಇಂಗಾಲದ ಹೊಗೆಯನ್ನು ಹೀರಿಕೊಳ್ಳಲು ಬೇಕಾದ ಕಾಡು. ಈ ಆರನ್ನೂ ಕೂಡಿಸಿದರೆ ಬರುವುದೇ ಪರಿಸರ ಹೆಜ್ಜೆಗುರುತು. ಒಬ್ಬ ಕಂಪ್ಯೂಟರ್ ಮೆಕ್ಯಾನಿಕ್ ಹೊಸ ಕಂಪ್ಯೂಟರನ್ನು ತೋರಿಸಿ, ಇದು ಮೇಜಿನ ಮೇಲೆ ಹಿಡಿಯುವ ಜಾಗ, ಇದರ ಹೆಜ್ಜೆ, ಚಿಕ್ಕದು ಅಂದನಂತೆ. ಅದರಿಂದ ಆ ಹೆಸರು ಹೊಳೆಯಿತಂತೆ. 1996ರಲ್ಲಿ ಗುರು ಶಿಷ್ಯರ ಪುಸ್ತಕ ಬಂತು, 2003ರಲ್ಲಿ ಪ್ರತಿ ದೇಶದ ಲೆಕ್ಕ ಬರೆಯುವುದಕ್ಕೇ ಒಂದು ಸಂಸ್ಥೆ ಆಯಿತು.

ಅವರ ಪುಸ್ತಕವನ್ನು ನೀವು ಬಹಳ ಸುಲಭವಾಗಿ ಓದಬಲ್ಲಿರಿ, ಏಕೆಂದರೆ ಅದು ಸಂಘದ ಲೆಕ್ಕದ ಪುಸ್ತಕದ ಹಾಗೇ ಇದೆ. ಒಂದು ಕಡೆ ಜಮೆ, ಒಂದು ಕಡೆ ಖರ್ಚು. ಭೂಮಿ ವರ್ಷಕ್ಕೆ ಎಷ್ಟು ಬೆಳೆದು ಕೊಡುತ್ತದೆ, ಎಷ್ಟು ಹೊಗೆ ಹೀರಿಕೊಳ್ಳುತ್ತದೆ ಅನ್ನುವುದು ಜಮೆ. ನಾವು ಎಷ್ಟು ಬಳಸಿದೆವು ಅನ್ನುವುದು ಖರ್ಚು. ಪ್ರಪಂಚದ ಜನಕ್ಕೆಲ್ಲ ಸಮನಾಗಿ ಹಂಚಿದರೆ ಒಬ್ಬರಿಗೆ ಸುಮಾರು ಒಂದೂವರೆ ಹೆಕ್ಟೇರ್, ಅಂದರೆ ನಾಲ್ಕು ಎಕರೆಗೆ ಸ್ವಲ್ಪ ಕಡಿಮೆ ಬರುತ್ತದೆ. ಹೆಚ್ಚು ಫಲವತ್ತೂ ಅಲ್ಲದ ತೀರ ಬರಡೂ ಅಲ್ಲದ ಸರಾಸರಿ ಭೂಮಿ ಅಂತ ಇಟ್ಟುಕೊಳ್ಳಿ. ಅಮೆರಿಕದ ಒಬ್ಬ ಪ್ರಜೆ ಬಳಸುವುದು ಸುಮಾರು 18, 19 ಎಕರೆ. ನಮ್ಮ ದೇಶದ ಒಬ್ಬರು ಬಳಸುವುದು ಮೂರು ಎಕರೆ ಆಸುಪಾಸು. ಪ್ರಪಂಚದ ಒಟ್ಟು ಖರ್ಚು ಜಮೆಗಿಂತ ಹೆಚ್ಚಾಗಿ ಬಹಳ ವರ್ಷ ಆಯಿತು. 2025ರಲ್ಲಿ ಇಡೀ ವರ್ಷದ ಜಮೆ ಜುಲೈ 24ಕ್ಕೇ ಮುಗಿಯಿತು ಅಂತ ಆ ಸಂಸ್ಥೆ ಲೆಕ್ಕ ಕೊಟ್ಟಿತು. ಮಿಕ್ಕ ಐದು ತಿಂಗಳು ಏನು ಮಾಡಿದೆವು? ಬಡ್ಡಿಯಲ್ಲಿ ಬದುಕುವುದು ಬಿಟ್ಟು ಅಸಲು ಮುರಿದೆವು. ಸಂಘದಲ್ಲಿ ಹೀಗೆ ಮಾಡಿದರೆ ಎಷ್ಟು ದಿನ ನಡೆಯುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಹಾಗಾದರೆ ನಮ್ಮ ದೇಶ ಒಳ್ಳೆಯದಾ? ಅಷ್ಟು ಬೇಗ ಚಪ್ಪಾಳೆ ಬೇಡ. ನಮ್ಮ ನೆಲ ಒಬ್ಬೊಬ್ಬರಿಗೆ ಕೊಡಬಲ್ಲದ್ದು ಒಂದು ಎಕರೆಯಷ್ಟು ಮಾತ್ರ. ಆದ್ದರಿಂದ ನಾವೂ ಅಸಲು ಮುರಿಯುತ್ತಿದ್ದೇವೆ. ಇನ್ನೊಂದು ವಿಷಯ, ಮೂರು ಎಕರೆ ಅನ್ನುವುದು ಸರಾಸರಿ. ನಿಮ್ಮ ಸಂಘದಲ್ಲಿ ಇಪ್ಪತ್ತು ಜನ, ಒಬ್ಬರೇ ಒಂದು ಲಕ್ಷ ಸಾಲ ತೆಗೆದರು, ಉಳಿದವರು ಏನೂ ತೆಗೆದಿಲ್ಲ ಅಂತ ಇಟ್ಟುಕೊಳ್ಳಿ. ಸರಾಸರಿ ತಲೆಗೆ ಐದು ಸಾವಿರ. ಬ್ಯಾಂಕಿನವರು ಬಂದು ನಿಮ್ಮೆಲ್ಲರಿಗೂ ಐದೈದು ಸಾವಿರ ಕಟ್ಟಿ ಅಂದರೆ ಒಪ್ಪುತ್ತೀರಾ? ಎರಡು ಕಾರು, ಪ್ರತಿ ರೂಮಿಗೆ ಏಸಿ, ವರ್ಷಕ್ಕೆ ನಾಲ್ಕು ಸಲ ವಿಮಾನ ಇರುವ ಮನೆಗೂ, ಆ ಮನೆಯ ಪಾತ್ರೆ ತೊಳೆದು ಬಸ್ಸಿನಲ್ಲಿ ವಾಪಸ್ ಬರುವ ನಿಮಗೂ ಸರಾಸರಿ ಒಂದೇ! ಇಂಗಾಲದ ಹೆಜ್ಜೆಗುರುತು ಅನ್ನುವ ಮಾತನ್ನು ಜನರ ಬಾಯಿಗೆ ಹಾಕಿದ್ದು, ನಿಮ್ಮ ಮನೆಯ ಲೆಕ್ಕ ನೀವೇ ಹಾಕಿಕೊಳ್ಳಿ ಅಂತ 2000ದ ದಶಕದಲ್ಲಿ ಜಾಹೀರಾತು ಕೊಟ್ಟಿದ್ದು ಒಂದು ದೊಡ್ಡ ಪೆಟ್ರೋಲಿಯಂ ಕಂಪನಿಯೇ. ತಮ್ಮ ಲೆಕ್ಕ ಕೇಳುವ ಮೊದಲೇ ನಮ್ಮ ಲೆಕ್ಕ ಕೇಳುವ ಜಾಣತನ. ಅಂದಮೇಲೆ ಆ ಅಳತೆಯೇ ಕೆಟ್ಟದ್ದು ಅಂತಲ್ಲ. ತಕ್ಕಡಿ ಯಾರ ಕೈಯಲ್ಲಿದೆ ಅಂತ ನೋಡಿಕೊಳ್ಳಬೇಕು.

ಈಗ ನಮ್ಮ ಬೆಂಗಳೂರಿನ ಹೆಜ್ಜೆ ಎಲ್ಲೆಲ್ಲಿ ಊರಿದೆ ನೋಡಿ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಬರುತ್ತದೆ, ನೂರು ಕಿಲೋಮೀಟರ್ ದೂರ. ಅಷ್ಟೇ ಅಲ್ಲ, ಅದನ್ನು ಸುಮಾರು 500 ಮೀಟರ್ ಮೇಲಕ್ಕೆ ಪಂಪ್ ಮಾಡಿ ಎತ್ತಬೇಕು. ಅದಕ್ಕೆ ಕರೆಂಟು ಬೇಕು. ಆ ಕರೆಂಟಿನಲ್ಲಿ ಒಂದು ಪಾಲು ರಾಯಚೂರಿನ ಕಲ್ಲಿದ್ದಲಿನ ಹೊಗೆಯಿಂದ. 1974ರಲ್ಲಿ ಕಾವೇರಿ ಮೊದಲ ಹಂತ ಬಂತು, 2024ರ ಅಕ್ಟೋಬರಿನಲ್ಲಿ ಐದನೇ ಹಂತ. ಅದಕ್ಕೂ ಮುಂಚೆ ಹೆಸರಘಟ್ಟ, ತಿಪ್ಪಗೊಂಡನಹಳ್ಳಿಯ ಅರ್ಕಾವತಿ ನೀರು ಕುಡಿಯುತ್ತಿದ್ದ ಊರು ಇದು. ನಮ್ಮ ಕಸದ ಹೆಜ್ಜೆ ಮಾವಳ್ಳಿಪುರ, ಮಂಡೂರಿನವರ ಊರಿನ ಮೇಲೆ ಬಿತ್ತು. ಅವರು ರಸ್ತೆಗೆ ಇಳಿದು ಲಾರಿ ತಡೆದಾಗ ಮಾತ್ರ ಬೆಂಗಳೂರಿಗೆ ಆ ಊರುಗಳ ಹೆಸರು ತಿಳಿಯಿತು.

ಈ ಹೆಜ್ಜೆಗುರುತಿನ ಲೆಕ್ಕದಲ್ಲಿ ಒಂದು ದೊಡ್ಡ ಲೋಪ ಇದೆ, ಅದನ್ನು ಮಾಡಿದವರೇ ಒಪ್ಪಿಕೊಂಡಿದ್ದಾರೆ. ಅದು ಎಷ್ಟು ಜಮೀನು ಬೇಕು ಅಂತ ಹೇಳುತ್ತದೆ, ವಿಷದ ಲೆಕ್ಕ ಹೇಳುವುದಿಲ್ಲ. ನಮ್ಮ ಪಶ್ಚಿಮ ಬೆಂಗಳೂರಿನ ದುಃಖವೇ ಅದರಲ್ಲಿಲ್ಲ. ವೃಷಭಾವತಿ ಅಂದರೆ ಎಷ್ಟು ಜನಕ್ಕೆ ನದಿ ಅಂತ ನೆನಪಾಗುತ್ತದೆ, ಎಷ್ಟು ಜನಕ್ಕೆ ಮೋರಿ? ಬಸವನಗುಡಿಯ ದೊಡ್ಡ ಬಸವಣ್ಣನ ಬಳಿ ಹುಟ್ಟಿದ್ದಕ್ಕೇ ಆ ಹೆಸರು. ಇನ್ನೊಂದು ಕವಲು ಮಲ್ಲೇಶ್ವರ, ರಾಜಾಜಿನಗರದ ಕಡೆಯಿಂದ ಬರುತ್ತದೆ. ಗಾಳಿ ಆಂಜನೇಯನ ಗುಡಿ, ನಾಯಂಡಹಳ್ಳಿ, ಕೆಂಗೇರಿ ದಾಟಿ ಬಿಡದಿ ಹತ್ತಿರ ಬೈರಮಂಗಲ ಕೆರೆಗೆ ಸೇರಿ, ಮುಂದೆ ಕನಕಪುರದ ಕಡೆ ಅರ್ಕಾವತಿಗೆ, ಅಲ್ಲಿಂದ ಸಂಗಮದಲ್ಲಿ ಕಾವೇರಿಗೆ. ಅಂದರೆ ನೂರು ಕಿಲೋಮೀಟರ್ ಎತ್ತಿ ತಂದ ಕಾವೇರಿ ನೀರೇ ಸಂಡಾಸು, ಸೋಪು, ಕಾರ್ಖಾನೆಯ ಆಸಿಡ್ ಎಲ್ಲ ಕೂಡಿಕೊಂಡು ಕಪ್ಪಾಗಿ ಮತ್ತೆ ಕಾವೇರಿಗೇ ಹೋಗುತ್ತದೆ. ಈ ದಾರಿಯ ನೀರನ್ನು ಬಾಟಲಿಗಳಲ್ಲಿ ತುಂಬಿ ಪರೀಕ್ಷೆ ಮಾಡಿದವರಲ್ಲಿ ಏಟ್ರೀ ಸಂಸ್ಥೆಯ ಪ್ರಿಯಾಂಕಾ ಜಾಮ್ವಾಲ್ ಮತ್ತು ಅವರ ತಂಡದವರಿದ್ದಾರೆ. ಮನೆಗಳ ಕೊಳಚೆ ಮಾತ್ರವಲ್ಲ, ಕಾರ್ಖಾನೆಗಳ ಭಾರಲೋಹಗಳೂ ಆ ನೀರಿನಲ್ಲಿವೆ.

ಬೈರಮಂಗಲದ ಕಡೆ ತವರುಮನೆ ಇರುವವರು ಇಲ್ಲೇ ಇದ್ದೀರಿ. ಒಬ್ಬರು ನಮಗೆ ಹೇಳಿದ್ದು: "ಚಿಕ್ಕವರಿದ್ದಾಗ ಕೆರೆಯಲ್ಲಿ ಈಜುತ್ತಿದ್ದೆವು ಸಿಸ್ಟರ್, ಈಗ ಕಾಲಿಟ್ಟರೆ ತುರಿಕೆ." ಅಲ್ಲಿ ಭತ್ತ ಬೆಳೆಯುತ್ತಿದ್ದ ಗದ್ದೆಗಳಲ್ಲಿ ಈಗ ಹುಲ್ಲು, ಬೇಬಿಕಾರ್ನ್ ಕಾಣುತ್ತವೆ. ಇಲ್ಲಿ ಕಾರ್ಖಾನೆಯವನು ನೀರು ಶುದ್ಧ ಮಾಡುವ ಖರ್ಚು ಉಳಿಸಿದ. ಅವನ ವಸ್ತು ಅಗ್ಗವಾಯಿತು, ಕೊಂಡವರಿಗೂ ಸಂತೋಷ. ಬಿಲ್ಲು ಮಾತ್ರ ಬೈರಮಂಗಲದ ಹೆಂಗಸಿನ ಆಸ್ಪತ್ರೆ ಚೀಟಿಯಲ್ಲಿ ಬಂತು. ಯಾರದ್ದೋ ದುಡ್ಡು ಯಲ್ಲಮ್ಮನ ಜಾತ್ರೆ! ಅರ್ಥಶಾಸ್ತ್ರದವರು ಇದಕ್ಕೆ ಬಾಹ್ಯ ಪರಿಣಾಮ ಅಂತ ದೊಡ್ಡ ಹೆಸರಿಟ್ಟಿದ್ದಾರೆ. ಇಂಗ್ಲೆಂಡಿನ ಪಿಗೂ ಅನ್ನುವವರು 1920ರಲ್ಲೇ, ಹೀಗೆ ಬೇರೆಯವರ ಮೇಲೆ ಖರ್ಚು ಹೊರಿಸುವವರಿಂದ ಆ ಖರ್ಚನ್ನು ತೆರಿಗೆಯಾಗಿ ವಸೂಲಿ ಮಾಡಿ ಅಂದರು. ನಮ್ಮ ಸುಪ್ರೀಂ ಕೋರ್ಟು 1996ರಲ್ಲಿ ತಮಿಳುನಾಡಿನ ಚರ್ಮದ ಕಾರ್ಖಾನೆಗಳ ಕೇಸಿನಲ್ಲಿ, ಕೆಡಿಸಿದವನೇ ಕಟ್ಟಬೇಕು ಅನ್ನುವುದು ನಮ್ಮ ದೇಶದ ಕಾನೂನೇ ಅಂತ ಹೇಳಿದೆ. ಕಾನೂನು ಇದೆ. ವಸೂಲಿ ಆಗಬೇಕಾದರೆ ನಷ್ಟ ಎಷ್ಟು ಅಂತ ಯಾರಾದರೂ ಲೆಕ್ಕ ಕೊಡಬೇಕು. ಸಂಶೋಧಕರ ಕೆಲಸ ಬೇಕಾಗುವುದು ಇಲ್ಲೇ.

ಟಾಟಾ ಇನ್‌ಸ್ಟಿಟ್ಯೂಟ್ ಅಂತ ಹಿರಿಯರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಜೊತೆಗಾರರು ಅಂಥ ಒಂದು ಲೆಕ್ಕ ಮಾಡಿದರು, 2011ರಲ್ಲಿ ಪ್ರಕಟವಾಯಿತು. ಎರಡು ಕೆರೆ ತೆಗೆದುಕೊಂಡರು. ಒಂದು ಹೆಚ್ಚು ಕೆಡದ ರಾಚೇನಹಳ್ಳಿ ಕೆರೆ, ಇನ್ನೊಂದು ಕೊಳಚೆ ತುಂಬಿದ ವರ್ತೂರು ಕೆರೆ. ಸುತ್ತಲಿನ ಜನಕ್ಕೆ ಕೆರೆಯಿಂದ ಸಿಗುವ ನೀರು, ಮೀನು, ಮೇವು ಎಲ್ಲಕ್ಕೂ ಬೆಲೆ ಕಟ್ಟಿದರು. ರಾಚೇನಹಳ್ಳಿ ಕೆರೆ ಒಂದು ಹೆಕ್ಟೇರಿಗೆ ದಿನಕ್ಕೆ 10,435 ರೂ. ಕೊಡುತ್ತಿತ್ತು. ವರ್ತೂರು ಕೆರೆ ಕೊಡುತ್ತಿದ್ದದ್ದು 119 ರೂ. ಎರಡೂ ಕೆರೆಯೇ, ಆದರೆ ಒಂದು ದುಡಿಯುವ ಕೆರೆ, ಇನ್ನೊಂದು ಹಾಸಿಗೆ ಹಿಡಿದ ಕೆರೆ. ನಮ್ಮ ಕಡೆಯ ಎಷ್ಟೋ ಕೆರೆಗಳಿಗೆ ಈ ಲೆಕ್ಕ ಹಾಕುವ ಮೊದಲೇ ಮಣ್ಣು ಹಾಕಿದರು. ಕಾಮಾಕ್ಷಿಪಾಳ್ಯದ ಕೆರೆ ಆಟದ ಮೈದಾನ ಆಯಿತು. ರಾಜಾಜಿನಗರದ ಗಾಯತ್ರಿದೇವಿ ಪಾರ್ಕ್ ಇರುವಲ್ಲಿ ಇದ್ದದ್ದು ಅಗಸನ ಕೆರೆ. ಅಲ್ಲಿ ಯಾರ ಬದುಕು ನಡೆಯುತ್ತಿತ್ತು ಅಂತ ಹೆಸರೇ ಹೇಳುತ್ತದೆ.

ನಿಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹುಟ್ಟಿದ್ದು ಈ ಊರಿನಲ್ಲಲ್ಲ. ತುಮಕೂರು, ಮಾಗಡಿ, ಕುಣಿಗಲ್, ಮಂಡ್ಯ, ರಾಯಚೂರು. ಯಾಕೆ ಬಂದಿರಿ ಅಂದರೆ ಮಳೆ ಇಲ್ಲ, ಕೂಲಿ ಇಲ್ಲ ಅನ್ನುತ್ತೀರಿ. ಅದೂ ನಿಜ. ಎನ್.ಎಸ್. ಜೋಧಾ ಅನ್ನುವ ಅರ್ಥಶಾಸ್ತ್ರಜ್ಞರು ಕರ್ನಾಟಕವೂ ಸೇರಿ ಏಳು ರಾಜ್ಯಗಳ ಬಯಲುಸೀಮೆಯ 80ಕ್ಕೂ ಹೆಚ್ಚು ಹಳ್ಳಿಗಳನ್ನು ಸುತ್ತಿ 1986ರಲ್ಲಿ ಒಂದು ವರದಿ ಕೊಟ್ಟರು. ಗೋಮಾಳ, ಕುರುಚಲು ಕಾಡು, ಕೆರೆ ಅಂಗಳ ಇವುಗಳಿಂದ ಬಡವರ ಮನೆಗೆ ಆದಾಯದ ಐದನೇ ಒಂದು ಪಾಲಿನ ಆಸುಪಾಸು ಬರುತ್ತಿತ್ತು. ಸೌದೆ, ಸೊಪ್ಪು, ಮೇಕೆಗೆ ಮೇವು. ಯಾವ ಪಾಸ್‌ಬುಕ್ಕಿನಲ್ಲೂ ಬರೆಯದ ಆದಾಯ. 1950ರಿಂದ ಮೂವತ್ತು ವರ್ಷದಲ್ಲಿ ಆ ಊರುಗಳಲ್ಲಿ ಇಂಥ ಭೂಮಿಯ ಮೂರನೇ ಒಂದು ಪಾಲಿನಿಂದ ಅರ್ಧದವರೆಗೆ ಕೈಬಿಟ್ಟು ಹೋಗಿತ್ತು. ಬಡವರಿಗೆ ಹಂಚುತ್ತೇವೆ ಅಂದ ಜಮೀನೂ ಹೆಚ್ಚಾಗಿ ಉಳ್ಳವರ ಕೈ ಸೇರಿತ್ತು ಅಂತ ಅವರು ಬರೆದಿದ್ದಾರೆ. ಹಳ್ಳಿಯಲ್ಲಿ ಮೇಕೆ ಸಾಕುತ್ತಿದ್ದ ಅಜ್ಜಿಯ ಮೊಮ್ಮಗಳು ಕಾಮಾಕ್ಷಿಪಾಳ್ಯದಲ್ಲಿ ಊದುಬತ್ತಿ ಹೊಸೆಯುವುದರ ಹಿಂದೆ ಆ ಗೋಮಾಳವೂ ಇದೆ.

ಕಡೇಕೋಡಿಯವರ ಹೆಸರು ನೆನಪಿಡಿ ಅಂದಿದ್ದೆವಲ್ಲ. ಅವರೂ ಕಾಂಚನ್ ಚೋಪ್ರಾ, ಎಂ.ಎನ್. ಮೂರ್ತಿ ಅವರೂ ಸೇರಿ 1990ರಲ್ಲಿ ಬರೆದ ಪುಸ್ತಕದಲ್ಲಿ ಹರಿಯಾಣದ ಸುಖೋಮಾಜ್ರಿ ಅನ್ನುವ ಪುಟ್ಟ ಹಳ್ಳಿ ಬರುತ್ತದೆ. ಚಂಡೀಗಢ ನಗರದ ಸುಖ್ನಾ ಕೆರೆ ಹೂಳು ತುಂಬಿಕೊಳ್ಳುತ್ತಿತ್ತು. ಹೂಳು ಬರುತ್ತಿದ್ದದ್ದು ಈ ಹಳ್ಳಿಯ ಗುಡ್ಡದಿಂದ. ದನ ಮೇಕೆ ಬಿಟ್ಟು ಗುಡ್ಡ ಬೋಳಾಗಿತ್ತು. ಮೇಯಿಸಬೇಡಿ ಅಂತ ಬೈದರೆ ಕೇಳುವವರು ಯಾರು? ಅದರ ಬದಲು ಹಳ್ಳಿಯಲ್ಲೇ ಚಿಕ್ಕ ಒಡ್ಡು ಕಟ್ಟಿ ನೀರು ನಿಲ್ಲಿಸಿದರು, ಗುಡ್ಡ ಕಾಯ್ದರೆ ನೀರು ನಿಮ್ಮದು ಅಂದರು. ನಮಗೆ ತುಂಬ ಇಷ್ಟವಾದದ್ದು ಮುಂದಿನ ಮಾತು. ನೀರಿನಲ್ಲಿ ಜಮೀನಿಲ್ಲದ ಮನೆಗೂ ಸಮಪಾಲು ಇಟ್ಟರು. ಬೇಡದಿದ್ದರೆ ಅವರು ಆ ಪಾಲನ್ನು ಬೇರೆಯವರಿಗೆ ಮಾರಬಹುದು. ಆಗ ಎಲ್ಲರೂ ಗುಡ್ಡ ಕಾಯ್ದರು, ಹುಲ್ಲು ಬಂತು, ಕೆರೆಗೆ ಹೂಳು ಕಡಿಮೆ ಆಯಿತು. ಇಂಥ ಹಂಚಿಕೆಯ ನಿಯಮಗಳನ್ನು ಜನರೇ ಕೂತು ಮಾಡಬಲ್ಲರು ಅಂತ ತೋರಿಸಿದ್ದಕ್ಕೆ 2009ರಲ್ಲಿ ಎಲಿನಾರ್ ಆಸ್ಟ್ರಮ್ ಅವರಿಗೆ ನೊಬೆಲ್ ಬಹುಮಾನ ಬಂತು. ಅರ್ಥಶಾಸ್ತ್ರದಲ್ಲಿ ಅದನ್ನು ಪಡೆದ ಮೊದಲ ಹೆಂಗಸು ಅವರು.

ಮತ್ತೆ ಎಂಟು ಕೊಡಕ್ಕೆ ಬರೋಣ. 2014ರಿಂದ 2025ರವರೆಗೆ ಜಲಮಂಡಳಿಯ ಕಾವೇರಿ ನೀರಿಗೆ ಮೊದಲ 8,000 ಲೀಟರಿನ ದರ ಸಾವಿರ ಲೀಟರಿಗೆ 7 ರೂ. ಇತ್ತು. 2025ರಲ್ಲಿ ಏರಿತು, ಅದೂ ಈ ಮೊದಲ ಹಂತದಲ್ಲಿ ಸಾವಿರ ಲೀಟರಿಗೆ ಒಂದೂವರೆ ರೂಪಾಯಿ. ಶುದ್ಧ ನೀರಿನ ಘಟಕದಲ್ಲಿ ನೀವು 20 ಲೀಟರ್ ಕ್ಯಾನಿಗೆ 5 ರೂ. ಹಾಕುತ್ತಿದ್ದಿರಿ. ಸಾವಿರ ಲೀಟರಿಗೆ ಎಷ್ಟಾಯಿತು? 250 ರೂ. ಅದು ಶೋಧಿಸಿದ ನೀರು, ಖರ್ಚು ಇದೆ, ಒಪ್ಪೋಣ. ಆದರೂ ಮನೆಗೆ ಪೈಪು ಇಲ್ಲದವಳು ಲೀಟರಿಗೆ ಮೂವತ್ತೈದು ಪಟ್ಟು ಕೊಟ್ಟಳು. 2024ರ ಮಾರ್ಚಿನಲ್ಲಿ ಬೋರ್‌ವೆಲ್ ಬತ್ತಿದಾಗ ಜಿಲ್ಲಾಡಳಿತ ಟ್ಯಾಂಕರಿಗೆ ದರ ಕಟ್ಟಿತು, 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂ. ಅದು ಸಂಪು ಇದ್ದವರಿಗೆ. ಕೊಡ ಇದ್ದವರ ದರ ಯಾರೂ ಕಟ್ಟಲಿಲ್ಲ. ಇದರ ಮೇಲೆ ಸಾಲಿನಲ್ಲಿ ನಿಂತ ಹೊತ್ತು. ಪರಿಸರ ಅರ್ಥಶಾಸ್ತ್ರದವರು ನೀರು ತರುವ ಹೊತ್ತಿಗೂ ಕೂಲಿ ಕಟ್ಟುತ್ತಾರೆ. ನಾವು ಇನ್ನೂ ಕಟ್ಟಿಲ್ಲ.

ಆದ್ದರಿಂದ ಈ ಸಲ ಚಾರ್ಟ್ ತಂದಿಲ್ಲ, ನೋಟ್‌ಬುಕ್ ತಂದಿದ್ದೇವೆ. ಸಂಘಕ್ಕೆ ಒಂದು. ಒಂದು ತಿಂಗಳು ಹತ್ತು ಮನೆಯವರು ಬರೆಯಿರಿ: ನಲ್ಲಿ ಬಂದ ದಿನ, ಸಿಕ್ಕ ಕೊಡ, ಕೊಟ್ಟ ದುಡ್ಡು, ನಿಂತ ಹೊತ್ತು, ತಪ್ಪಿದ ಕೂಲಿ. ಬರೆಯಲು ಬಾರದವರು ಮಕ್ಕಳ ಕೈಯಲ್ಲಿ ಬರೆಸಿ. ಸರಿಯಾದದ್ದನ್ನೇ ಬರೆಯಿರಿ, ಕಷ್ಟ ದೊಡ್ಡದಾಗಿ ಕಾಣಲಿ ಅಂತ ಒಂದು ಕೊಡವನ್ನೂ ಕಡಿಮೆ ಮಾಡಬೇಡಿ. ಸುಳ್ಳು ಒಂದು ಸಿಕ್ಕಿದರೆ ಪುಸ್ತಕವೇ ಬಿದ್ದುಹೋಗುತ್ತದೆ. ಜಲಮಂಡಳಿಯವರು ಅದಾಲತ್ ನಡೆಸುತ್ತಾರೆ, ಅಲ್ಲಿಗೆ ಬರೀ ಅರ್ಜಿ ಒಯ್ಯುವುದಕ್ಕೂ ಲೆಕ್ಕ ಒಯ್ಯುವುದಕ್ಕೂ ವ್ಯತ್ಯಾಸ ಇದೆ.

ಇನ್ನೊಂದು ಮಾತು. ಕಾಲೇಜಿನಿಂದ, ಸಂಸ್ಥೆಗಳಿಂದ ಹುಡುಗ ಹುಡುಗಿಯರು ಫಾರಂ ಹಿಡಿದು ನಿಮ್ಮ ಮನೆಗೆ ಬರುತ್ತಾರೆ. ಒಂದು ಗಂಟೆ ಕೂರಿಸಿ ಕೇಳುತ್ತಾರೆ, ಆಮೇಲೆ ಮುಖ ಕಾಣುವುದಿಲ್ಲ. ನಾವು ಸಮಾಜಕಾರ್ಯ ಓದುವಾಗ ನಾವೂ ಹಾಗೇ ಮಾಡಿದ್ದೆವು. ಉತ್ತರ ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಕೇಳಿ: ಇದನ್ನು ಎಲ್ಲಿ ಬರೆಯುತ್ತೀರಿ, ಬರೆದದ್ದನ್ನು ಕನ್ನಡದಲ್ಲಿ ನಮ್ಮ ಸಂಘಕ್ಕೆ ಬಂದು ಯಾವಾಗ ಓದಿ ಹೇಳುತ್ತೀರಿ? ತಾರೀಖು ಕೊಟ್ಟರೆ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡಿ.

ನೋಟ್‌ಬುಕ್ಕುಗಳು ಆ ಮೇಜಿನ ಮೇಲಿವೆ, ಸಹಿ ಮಾಡಿ ತೆಗೆದುಕೊಳ್ಳಿ. ಮುಂದಿನ ತಿಂಗಳ ಎರಡನೇ ಶನಿವಾರ ಒಟ್ಟಿಗೆ ಕೂತು ಕೂಡಿಸೋಣ. ಕಾನ್ವೆಂಟಿನದ್ದೂ ಒಂದು ನೋಟ್‌ಬುಕ್ ಇರುತ್ತದೆ, ನಮ್ಮ ಸಂಪಿನ ಲೆಕ್ಕವನ್ನು ನೀವು ಓದಿ. ಈಗ ಟೀ ಬಂದಿದೆ.